ಗುಂಡಿ ತುಂಬಿದ ಮೇಲೆ

ಸಾರ್ವಜನಿಕ ಸ್ಥಳಗಳಲ್ಲಿ ಶೌಚಾಲಯಗಳಿರಬೇಕೆಂಬ ವಿಷಯದಲ್ಲಿ ಇಂದು ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಗೋಡೆ ಎದ್ದಿತು, ಚಾವಣಿ ಕೂಡಿತು, ಬಾಗಿಲಿಗೆ ಬಣ್ಣ ಬಳಿದುದಾಯಿತು, ಹೆಸರಿನ ಫಲಕವನ್ನೂ ತೂಗುಹಾಕಿದುದಾಯಿತು ಎಂದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ನಮ್ಮ ರೂಢಿ. ಆದರೆ ವಿಜ್ಞಾನದ ಕೆಲಸ ಮೊದಲಾಗುವುದು ಅಲ್ಲಿಂದ. ನೆಲದ ಮೇಲಿನ ಕೋಣೆಯು ಬಳಸುವವರಿಗೆ ಮರೆಯನ್ನು ಮಾತ್ರ ಕೊಡುತ್ತದೆ. ಊರಿಗೆ ಆರೋಗ್ಯವನ್ನು ಕೊಡಬೇಕಾದುದು ಕಣ್ಣಿಗೆ ಬೀಳದ ಗುಂಡಿ. ಆ ಗುಂಡಿಯೊಳಗೆ ಬಿದ್ದುದು ಏನಾಗುತ್ತದೆ? ಅದು ತುಂಬಿದ ಮೇಲೆ ಯಾರು, ಯಾವ ಕೈಯಿಂದ, ಎಲ್ಲಿಗೆ ಸಾಗಿಸಬೇಕು? ಈ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಕಟ್ಟಿದ ಶೌಚಾಲಯವು ಅಪೂರ್ಣವಾದ ಶೌಚಾಲಯವೆಂದೇ ನನ್ನ ಅಭಿಪ್ರಾಯ.

ನಗರಗಳಲ್ಲಿ ಈ ಪ್ರಶ್ನೆ ಮರೆಯಾಗಿ ಕುಳಿತಿರುತ್ತದೆ. ಸರಪಳಿ ಎಳೆದರೆ ಅಥವಾ ಗುಂಡಿ ಒತ್ತಿದರೆ ನೀರು ಧುಮುಕಿ ಎಲ್ಲವನ್ನೂ ಭೂಗತ ಚರಂಡಿಗೆ ಒಯ್ಯುತ್ತದೆ. ಆದರೆ ಚರಂಡಿಯಿಲ್ಲದ, ನಲ್ಲಿಯ ನೀರು ನಂಬಲಾಗದ, ವಿದ್ಯುತ್ತು ಬಂದು ಹೋಗುವ, ಕಾವಲುಗಾರನೇ ಇಲ್ಲದ ದೂರದ ಸ್ಥಳಗಳಲ್ಲಿ ಪ್ರಶ್ನೆಯು ಬಯಲಿಗೇ ಬಂದು ನಿಲ್ಲುತ್ತದೆ. ಅಂಥ ಒಂದು ಪ್ರದೇಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್ ಎಂಬ ಹೆಸರಿನ ವಸತಿಗಳಿವೆ. ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ಕುಟುಂಬಗಳಿಗೆ ಸರ್ಕಾರವು ಇಲ್ಲಿ ಭೂಮಿಯನ್ನು ಕೊಟ್ಟು ಪುನರ್ವಸತಿ ಕಲ್ಪಿಸಿತು. ಪುನರ್ವಸತಿ ಎಂಬುದಕ್ಕಿರುವ ಇಂಗ್ಲಿಷ್ ಪದದ ಅಕ್ಷರಗಳೇ ಊರಿನ ಹೆಸರಾಗಿ ಉಳಿದುಕೊಂಡಿವೆ. ಸುತ್ತಲೂ ಇಂಥ ಇನ್ನೂ ಅನೇಕ ಕ್ಯಾಂಪುಗಳುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಒಣ ಸೀಮೆಯು ಭತ್ತದ ಕಣಜವಾಯಿತು. ನಾಟಿಯ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ದೂರದೂರದಿಂದ ಕೂಲಿಗಳು ಬಂದು ಗದ್ದೆಗಳ ಅಂಚಿನಲ್ಲಿ ದುಡಿಯುತ್ತಾರೆ. ಬನದ ಹುಣ್ಣಿಮೆಯ ಸುಮಾರಿಗೆ ಇದೇ ತಾಲ್ಲೂಕಿನ ಅಂಬಾಮಠದ ಜಾತ್ರೆಗೆ ಸಾವಿರಾರು ಜನ ನೆರೆಯುತ್ತಾರೆ. ಗದ್ದೆಯ ಕೂಲಿಗೂ, ಜಾತ್ರೆಯ ಯಾತ್ರಿಕನಿಗೂ, ಕಾಲುವೆಯ ದಾರಿಯಲ್ಲಿ ಬಸ್ಸಿಗೆ ಕಾಯುವ ವಿದ್ಯಾರ್ಥಿನಿಗೂ ಮರೆಯಾದ ಒಂದು ಸ್ಥಳ ಬೇಕು. ಹೆಂಗಸರ ಪಾಲಿಗಂತೂ ಇದು ಸೌಕರ್ಯದ ಮಾತಲ್ಲ, ಮಾನದ ಮಾತು.

ಮರೆ ಸಿಗದಿದ್ದಾಗ ಜನರು ಕಾಲುವೆಯ ದಂಡೆಯನ್ನೇ ಆಶ್ರಯಿಸುತ್ತಾರೆ. ನೀರು ಅಲ್ಲಿಯೇ ದೊರೆಯುವುದಷ್ಟೆ. ಆದರೆ ಕಾಲುವೆಯ ನೀರನ್ನು ಕೆರೆಗಳಲ್ಲಿ ತುಂಬಿಕೊಂಡು ಕುಡಿಯಲು ಬಳಸುವ ಊರುಗಳು ಈ ಸೀಮೆಯಲ್ಲಿವೆ. ಮೇಲಿನೂರಿನವರು ದಂಡೆಯ ಮೇಲೆ ಬಿಟ್ಟುಹೋದುದು ಕೆಳಗಿನೂರಿನ ಕೊಡವನ್ನು ಸೇರಲು ಒಂದು ಮಳೆ ಸಾಕು.

ಈಗ ನಾವು ನಿರ್ವಹಿಸಬೇಕಾದ ವಸ್ತುವಿನ ಪರಿಮಾಣವನ್ನು ಸಂಕೋಚವಿಲ್ಲದೆ ನೋಡೋಣ. ವಯಸ್ಕ ಮನುಷ್ಯನೊಬ್ಬನು ದಿನಕ್ಕೆ ಸುಮಾರು 1ರಿಂದ 1.5 ಲೀಟರ್ ಮೂತ್ರವನ್ನೂ, ಆಹಾರಕ್ಕನುಗುಣವಾಗಿ 100ರಿಂದ 400 ಗ್ರಾಂ ಮಲವನ್ನೂ ವಿಸರ್ಜಿಸುತ್ತಾನೆ. ಇವೆರಡರ ಗುಣಗಳು ತೀರ ಬೇರೆ. ದೇಹದಿಂದ ಹೊರಬೀಳುವ ಸಾರಜನಕದಲ್ಲಿ ಬಹುಪಾಲು ಮೂತ್ರದಲ್ಲಿಯೇ ಇರುತ್ತದೆ. ರಂಜಕದಲ್ಲಿಯೂ ಅರ್ಧಕ್ಕೆ ಕಡಿಮೆಯಿಲ್ಲದ ಭಾಗ ಅದರಲ್ಲಿಯೇ. ರೋಗಾಣುಗಳಾದರೋ ಬಹುಮಟ್ಟಿಗೆ ಮಲದಲ್ಲಿರುತ್ತವೆ. ಕಾಲರಾ, ವಿಷಮಶೀತಜ್ವರ, ಆಮಶಂಕೆ, ಪೋಲಿಯೋ ಇವುಗಳ ಕಾರಕಗಳೂ ಕೊಕ್ಕೆಹುಳು ದುಂಡುಹುಳುಗಳ ಮೊಟ್ಟೆಗಳೂ ಪಯಣ ಮಾಡುವುದು ಮಲದ ಮೂಲಕ. ದುಂಡುಹುಳುವಿನ ಮೊಟ್ಟೆಯು ತೇವವಾದ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಹಿಡಿದಿರಬಲ್ಲುದು. ಗೊಬ್ಬರದ ಸಾರ ಒಂದರಲ್ಲಿ, ಅಪಾಯ ಇನ್ನೊಂದರಲ್ಲಿ. ಎರಡನ್ನೂ ನೀರಿನೊಡನೆ ಕಲಸಿದರೆ ಸಾರವೂ ಕೈತಪ್ಪುತ್ತದೆ, ಅಪಾಯವೂ ಹರಡುತ್ತದೆ.

ಚರಂಡಿಯಿಲ್ಲದ ನಮ್ಮ ಹಳ್ಳಿಗಳಿಗೆ ಸಾಮಾನ್ಯವಾಗಿ ಸೂಚಿಸುವ ಉಪಾಯವೆಂದರೆ ಅವಳಿ ಗುಂಡಿಯ ಶೌಚಾಲಯ. ಬಿಂದೇಶ್ವರ ಪಾಠಕ್ ಅವರು 1970ರಲ್ಲಿ ಸ್ಥಾಪಿಸಿದ ಸುಲಭ್ ಸಂಸ್ಥೆಯು ಇದನ್ನು ದೇಶಾದ್ಯಂತ ಪ್ರಚುರಪಡಿಸಿತು. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿಯೂ ಹಳ್ಳಿಗಳಿಗೆ ಇದನ್ನೇ ಶಿಫಾರಸು ಮಾಡಲಾಯಿತು. ಇದರ ತತ್ತ್ವ ಸರಳವಾದುದು, ಸುಂದರವೂ ಆದುದು. ಗೋಡೆಯಲ್ಲಿ ರಂಧ್ರಗಳಿರುವ ಎರಡು ಗುಂಡಿಗಳು. ಅವುಗಳಿಗೆ ಕವಲೊಡೆದ ಒಂದು ಕೊಳವೆ. ಮೊದಲನೆಯದು ತುಂಬಿದಾಗ ಅದರ ಬಾಯಿ ಮುಚ್ಚಿ ಎರಡನೆಯದಕ್ಕೆ ಹರಿಯಬಿಡುತ್ತಾರೆ. ನೀರು ಸುತ್ತಲಿನ ಮಣ್ಣಿಗೆ ಇಂಗುತ್ತದೆ. ಉಳಿದ ಘನವಸ್ತುವನ್ನು ಏಕಾಣುಜೀವಿಗಳು ಜೀರ್ಣಿಸುತ್ತವೆ. ಒಂದೂವರೆ ಎರಡು ವರ್ಷ ಮುಚ್ಚಿಟ್ಟ ಗುಂಡಿಯನ್ನು ತೆರೆದರೆ ದುರ್ಗಂಧವಿಲ್ಲದ ಮಣ್ಣಿನಂಥ ಗೊಬ್ಬರ ಸಿಗುತ್ತದೆ. ಹಿಂದೆ ಮನುಷ್ಯನ ಮೇಲೆ ಹೇರಿದ್ದ ಕೆಲಸವನ್ನು ಇಲ್ಲಿ ಕಾಲವು ಮಾಡುತ್ತದೆ. ಈ ಪದ್ಧತಿಯ ಹಿರಿಮೆಯೆಲ್ಲ ಇದರಲ್ಲಿದೆ.

ಆದರೆ ಇದು ನಡೆಯಬೇಕಾದರೆ ಮಣ್ಣು ನೀರನ್ನು ಕುಡಿಯಬೇಕು. ಗುಂಡಿಯ ಗೋಡೆಯ ಪ್ರತಿ ಚದರ ಮೀಟರು ದಿನವೊಂದಕ್ಕೆ ಎಷ್ಟು ನೀರನ್ನು ಬಹುಕಾಲ ಇಂಗಿಸಬಲ್ಲುದೆಂಬುದಕ್ಕೆ ಎಂಜಿನಿಯರುಗಳು ಬಳಸುವ ಅಂಕಗಳಿವೆ. ಮರಳು ಮಣ್ಣಿಗೆ 50 ಲೀಟರ್, ಗೋಡುಮಣ್ಣಿಗೆ 30, ಜೇಡಿಮಣ್ಣಿಗೆ 10 ಮಾತ್ರ. ವಿದ್ಯಾರ್ಥಿಗಳು ಈ ಅಂಕಗಳನ್ನು ಹಿಡಿದು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ದಿನಕ್ಕೆ 100 ಮಂದಿ ಬಳಸುವ ಒಂದು ಶೌಚಾಲಯವಿದೆಯೆನ್ನೋಣ. ತೊಳೆಯಲು ಮತ್ತು ಹೊಯ್ಯಲು ತಲಾ 3 ಲೀಟರ್ ನೀರು. ಅದರೊಡನೆ ಸುಮಾರು 0.3 ಲೀಟರ್ ಮೂತ್ರ. ಒಟ್ಟು 330 ಲೀಟರ್. ಮರಳು ಮಣ್ಣಿನಲ್ಲಿ ಇದಕ್ಕೆ 6.6 ಚದರ ಮೀಟರ್ ಗೋಡೆ ಸಾಕು. ಜೇಡಿಮಣ್ಣಿನಲ್ಲಿ 33 ಚದರ ಮೀಟರ್ ಬೇಕು. ಒಂದು ಮೀಟರ್ ವ್ಯಾಸ, ಒಂದು ಮೀಟರ್ ಉಪಯುಕ್ತ ಆಳವಿರುವ ಗುಂಡಿಗೆ ಸುಮಾರು 3.14 ಚದರ ಮೀಟರ್ ಗೋಡೆಯಿರುವುದರಿಂದ ಮೊದಲನೆಯ ಕಡೆ ಒಮ್ಮೆಗೆ ಎರಡು ಗುಂಡಿಗಳು ಕೆಲಸ ಮಾಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ; ಎರಡನೆಯ ಕಡೆ ಹತ್ತಕ್ಕಿಂತ ಹೆಚ್ಚು ಬೇಕಾಗುತ್ತವೆ. ವಿಶ್ರಾಂತಿಯಲ್ಲಿರುವ ಗುಂಡಿಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಸಿಂಧನೂರಿನ ಸುತ್ತಣ ಎರೆಮಣ್ಣು ಸಾಧಾರಣ ಜೇಡಿಯೂ ಅಲ್ಲ. ಅದರಲ್ಲಿರುವ ಜೇಡಿ ಖನಿಜಗಳು ನೀರನ್ನು ಪದರಗಳ ನಡುವೆ ಹೀರಿಕೊಂಡು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಎರೆಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದನ್ನು ಆ ಸೀಮೆಯ ಮಕ್ಕಳೆಲ್ಲರೂ ಕಂಡಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಗುಂಡಿ ತೋಡಿ ನೀರು ಹೊಯ್ದು ಪರೀಕ್ಷಿಸಿದರೆ ನೀರು ಬಿರುಕುಗಳಲ್ಲಿ ಸರಸರನೆ ಇಳಿದು ಹೋಗಿ ಮಣ್ಣು ಬಹಳ ಒಳ್ಳೆಯದೆಂಬ ಭ್ರಾಂತಿ ಹುಟ್ಟುತ್ತದೆ. ಮಳೆ ಬಿದ್ದು, ಕಾಲುವೆ ಹರಿದು, ಗದ್ದೆಗಳಲ್ಲಿ ನೀರು ನಿಂತಾಗ ಬಿರುಕುಗಳೆಲ್ಲ ಮುಚ್ಚಿಕೊಂಡು ಅದೇ ಮಣ್ಣು ಗಡಿಗೆಯ ಗೋಡೆಯಂತಾಗುತ್ತದೆ. ಜೊತೆಗೆ ನೀರಾವರಿಯಿಂದ ಅಂತರ್ಜಲವೂ ಮೇಲೆ ಬರುತ್ತದೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ ಎರಡು ಮೀಟರಿನಷ್ಟು ಒಣಮಣ್ಣು ಇದ್ದರೆ ಕ್ಷೇಮ ಎಂಬುದು ಸಾಮಾನ್ಯ ನಿಯಮ. ಗದ್ದೆಯ ಬದಿಯಲ್ಲಿ ಅಷ್ಟು ಅಂತರ ದೊರೆಯುವುದು ಕಷ್ಟ. ಹೀಗೆ ನಾಟಿಗೆ ಜನ ಬಂದು ಸೇರುವ ಕಾಲಕ್ಕೇ ಗುಂಡಿಯು ಇಂಗಿಸುವುದನ್ನು ನಿಲ್ಲಿಸಿ ಉಕ್ಕತೊಡಗುತ್ತದೆ. ಗುಂಡಿಯ ಸುತ್ತ ಮರಳಿನ ಕವಚ ಹಾಕುವುದು, ಗುಂಡಿಯನ್ನು ನೆಲಮಟ್ಟದಿಂದ ಮೇಲೆತ್ತಿ ಕಟ್ಟುವುದು ಮೊದಲಾದ ಉಪಾಯಗಳಿವೆ. ಮನೆಯೊಂದರ ಐದಾರು ಜನಕ್ಕೆ ಅವು ನೆರವಾದಾವು. ನೂರು ಮಂದಿಯ ನೀರಿಗೆ ಸಾಲವು.

ಉಕ್ಕಿದ ಗುಂಡಿಯನ್ನು ಏನು ಮಾಡುವುದು? ಇಲ್ಲಿ ವಿಜ್ಞಾನದ ಪ್ರಶ್ನೆಯು ನೀತಿಯ ಪ್ರಶ್ನೆಯಾಗುತ್ತದೆ. ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಶತಮಾನಗಳಿಂದ ಒಂದೇ ಉತ್ತರವಿದ್ದಿತು: ಕೆಲವು ಜಾತಿಗಳಲ್ಲಿ ಹುಟ್ಟಿದವರ ಕೈ ಮತ್ತು ತಲೆ. ವಿಜ್ಞಾನವೂ ಬಹುಕಾಲ ಇದನ್ನು ಪ್ರಶ್ನಿಸಲಿಲ್ಲ. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ.ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಕೆಲವು ತಿಂಗಳಲ್ಲಿ ಗೊಬ್ಬರವನ್ನಾಗಿಸುವ ವಿಧಾನವನ್ನು ರೂಪಿಸಿದರು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಗೊಬ್ಬರಶಾಸ್ತ್ರದ ದೃಷ್ಟಿಯಿಂದ ಅದು ಮೆಚ್ಚತಕ್ಕ ಸಾಧನೆ. ಆದರೆ ಕಕ್ಕಸಿನಿಂದ ಕಂದಕದವರೆಗಿನ ದಾರಿಯಲ್ಲಿ ಹಸಿ ಮಲವನ್ನು ಎತ್ತಿ ಸಾಗಿಸುವ ಮನುಷ್ಯನನ್ನು ಆ ಕಾಲದ ಪುರಸಭೆಗಳ ವ್ಯವಸ್ಥೆಯು ಇದ್ದಂತೆಯೇ ಒಪ್ಪಿಕೊಂಡಿದ್ದಿತು.

1970ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆದರೂ ಅದು ಎಲ್ಲೆಡೆಯೂ ಅಳಿಯಲಿಲ್ಲ. ಕೋಲಾರದ ಚಿನ್ನದ ಗಣಿಯ ವಸತಿಗಳಲ್ಲಿ ಒಣ ಕಕ್ಕಸುಗಳು ಆಮೇಲೆಯೂ ಉಳಿದಿದ್ದುವು. ಅಲ್ಲಿಯೇ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅವರು ಈ ಅನಿಷ್ಟದ ವಿರುದ್ಧ ದೇಶವ್ಯಾಪಿ ಚಳವಳಿಯನ್ನು ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. 1993ರಲ್ಲಿ ಒಂದು, 2013ರಲ್ಲಿ ಇನ್ನೂ ಬಲವಾದ ಇನ್ನೊಂದು ಕಾನೂನು ಬಂದಿತು. ಗುಂಡಿ ಚರಂಡಿಗಳಲ್ಲಿ ಇಳಿದು ಸತ್ತವರ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆಜ್ಞಾಪಿಸಿತು; ಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ಅದನ್ನು 2023ರಲ್ಲಿ ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದುದೇ ಸಾವುಗಳು ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

2013ರ ಕಾನೂನಿನಲ್ಲಿ ಒಂದು ಮಾತು ವಿಜ್ಞಾನದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾಗಿದೆ. ಮಲವು ಪೂರ್ಣವಾಗಿ ಕೊಳೆತು ಮಾರ್ಪಡುವುದಕ್ಕೆ ಮುಂಚೆ ಅದನ್ನು ಕೈಯಿಂದ ಎತ್ತುವ, ಸಾಗಿಸುವ ಕೆಲಸವೇ ಆ ಕಾನೂನು ನಿಷೇಧಿಸುವ ಕೆಲಸ. ಎಂದರೆ ಶಾಸನವು ಗೆರೆ ಎಳೆದಿರುವುದೂ, ಜೀವವಿಜ್ಞಾನವು ಗೆರೆ ಎಳೆಯುವುದೂ ಒಂದೇ ಸ್ಥಳದಲ್ಲಿ. ಹಸಿ ಮಲ ಮತ್ತು ಮಾಗಿದ ಗೊಬ್ಬರ ಇವುಗಳ ನಡುವಿನ ವ್ಯತ್ಯಾಸ ಕಾಲದಿಂದ ಆದುದು. ಆದುದರಿಂದ ದೂರದ ಶೌಚಾಲಯವನ್ನು ಯೋಜಿಸುವವನ ಮೊದಲ ಕರ್ತವ್ಯವು ಮಲಕ್ಕೆ ಸಾಕಷ್ಟು ಕಾಲವನ್ನು ಒದಗಿಸುವುದು.

ಎರೆಸೀಮೆಯಲ್ಲಿ ಇದನ್ನು ಸಾಧಿಸುವ ದಾರಿ ಯಾವುದು? ನೆಲವು ನೀರನ್ನು ಕುಡಿಯದಿದ್ದರೆ ಗುಂಡಿಗೆ ನೀರನ್ನೇ ಹಾಕದಿರುವುದು. ನೆಲದೊಳಗೆ ಇಳಿಯಲಾಗದಿದ್ದರೆ ನೆಲದ ಮೇಲೆ ಕಟ್ಟುವುದು. ಈ ವಿಚಾರ ಹೊಸದಲ್ಲ. ಇಂಗ್ಲೆಂಡಿನ ಹೆನ್ರಿ ಮೌಲ್ ಎಂಬ ಪಾದ್ರಿಯು ಒಣಮಣ್ಣಿನಿಂದ ಮುಚ್ಚಿದ ಮಲವು ಕೆಲವೇ ವಾರಗಳಲ್ಲಿ ವಾಸನೆ ಕಳೆದುಕೊಳ್ಳುವುದನ್ನು ಕಂಡು 1860ರಲ್ಲಿ ಮಣ್ಣಿನ ಕಕ್ಕಸಿಗೆ ಪೇಟೆಂಟ್ ಪಡೆದನು. ಅದರ ಇಂದಿನ ರೂಪವೇ ಮಲಮೂತ್ರಗಳನ್ನು ಬೇರ್ಪಡಿಸುವ ಒಣ ಶೌಚಾಲಯ. ಕೂರುವ ಕಲ್ಲಿನ ಮುಂಭಾಗದ ತಟ್ಟೆಯಿಂದ ಮೂತ್ರವು ಮುಚ್ಚಿದ ಪೀಪಾಯಿಗೆ ಹರಿಯುತ್ತದೆ. ಮಲವು ಕೆಳಗಿನ ಕೋಣೆಗೆ ಬೀಳುತ್ತದೆ. ತೊಳೆಯುವ ಸ್ಥಳವು ಪ್ರತ್ಯೇಕವಾಗಿದ್ದು ಆ ಅಲ್ಪ ನೀರು ಎತ್ತರಿಸಿದ ಮರಳಿನ ಮಡಿಯಲ್ಲಿ ಬೆಳೆದ ಬಾಳೆಗೋ ಕಾಬಾಳೆಗೋ ಸೇರುತ್ತದೆ. ತಮಿಳುನಾಡಿನ ಮುಸಿರಿಯಲ್ಲಿ ಈ ಬಗೆಯ ಸಮುದಾಯ ಶೌಚಾಲಯವನ್ನು ಕಟ್ಟಿ ಬಳಸಿದ್ದಾರೆ. ನೀರಿನಿಂದ ತೊಳೆದುಕೊಳ್ಳುವ ನಮ್ಮ ಜನರಿಗೆ ಇದು ಒಗ್ಗದೆಂಬ ಆಕ್ಷೇಪಕ್ಕೆ ಆ ಅನುಭವವೇ ಉತ್ತರ.

ಮುಚ್ಚಲು ಬೇಕಾದ ವಸ್ತುವಿಗೆ ಸಿಂಧನೂರಿನಲ್ಲಿ ಬರವಿಲ್ಲ. ಅಕ್ಕಿಯ ಗಿರಣಿಗಳ ಬಳಿ ಹೊಟ್ಟೂ ಹೊಟ್ಟಿನ ಬೂದಿಯೂ ರಾಶಿಯಾಗಿ ಬಿದ್ದಿರುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕಟ್ಟಿಗೆಯ ಬೂದಿಯು ಕ್ಷಾರಗುಣವುಳ್ಳದ್ದಾಗಿ ರೋಗಾಣುಗಳನ್ನು ಕೊಲ್ಲಲು ನೆರವಾಗುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕ. ಅದು ತೇವವನ್ನು ಹೀರೀತು, ಆದರೆ ಕ್ಷಾರದ ಕೆಲಸವನ್ನು ಅಷ್ಟಾಗಿ ಮಾಡದು. ಆದುದರಿಂದ ಅದರೊಡನೆ ಸುಣ್ಣವನ್ನು ಬೆರೆಸಬೇಕು.

ಮತ್ತೆ ಲೆಕ್ಕಕ್ಕೆ ಬರೋಣ. ನೂರು ಮಂದಿಯೂ ಮಲವಿಸರ್ಜನೆಗೇ ಬಂದರೆಂದೂ, ಮುಚ್ಚುವ ವಸ್ತು ಸೇರಿ ತಲಾ 0.3 ಲೀಟರ್ ಕೂಡಿತೆಂದೂ ಭಾವಿಸಿದರೆ ದಿನಕ್ಕೆ 30 ಲೀಟರ್ ಆಯಿತು. ಆರು ತಿಂಗಳಿಗೆ ಸುಮಾರು 5,400 ಲೀಟರ್. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಸುಮಾರು 1.35 ಮೀಟರ್ ಎತ್ತರದ ಕೋಣೆ ಸಾಕು. ಒಣಗಿ ಕುಗ್ಗುವುದನ್ನು ಇದರಲ್ಲಿ ಕಳೆದಿಲ್ಲ. ಇಂಥ ಮೂರು ಕೋಣೆಗಳನ್ನು ಕಟ್ಟಿ ಒಂದೊಂದನ್ನು ಆರು ತಿಂಗಳಂತೆ ಸರದಿಯಿಂದ ಬಳಸಿದರೆ ಮೊದಲನೆಯದನ್ನು ಮರಳಿ ತೆರೆಯುವ ಹೊತ್ತಿಗೆ ಅದು ಪೂರ್ತಿ ಒಂದು ವರ್ಷ ವಿಶ್ರಮಿಸಿರುತ್ತದೆ. ನಮ್ಮಂಥ ಬೆಚ್ಚನೆಯ ಹವೆಯಲ್ಲಿ ಒಂದು ವರ್ಷಕ್ಕೆ ಮೀರಿದ ಒಣ ಸಂಗ್ರಹವನ್ನು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯು ಶಿಫಾರಸು ಮಾಡುತ್ತದೆ. ರಾಯಚೂರಿನ ಬಿಸಿಲನ್ನು ನಾವೆಲ್ಲ ಬೈಯುತ್ತೇವೆ. ಈ ಒಂದು ಕಾರ್ಯದಲ್ಲಿ ಅದು ನಮ್ಮ ಮಿತ್ರ.

ಮೂತ್ರವನ್ನು ಮುಚ್ಚಿದ ಪೀಪಾಯಿಯಲ್ಲಿ ಕೆಲವು ತಿಂಗಳು ಇಟ್ಟು ಗೊಬ್ಬರವಾಗಿ ಬಳಸಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೆಕ್ಕೆಜೋಳವೇ ಮೊದಲಾದ ಬೆಳೆಗಳ ಮೇಲೆ ಈ ಪ್ರಯೋಗಗಳನ್ನು ನಡೆಸಿದ್ದಾರೆ. ಆದರೆ ಮೂತ್ರದಲ್ಲಿ ಉಪ್ಪೂ ಇರುವುದರಿಂದ, ನೀರಾವರಿಯಿಂದ ಈಗಾಗಲೇ ಸವಳಾದ ಭೂಮಿಗೆ ಅದನ್ನು ಹಾಕತಕ್ಕದ್ದಲ್ಲ. ಮೇಲುಭೂಮಿಯ ಮರಗಿಡಗಳಿಗೆ ಹಾಕುವುದು ಲೇಸು.

ಈ ಪದ್ಧತಿಗೆ ತೊಡಕುಗಳಿಲ್ಲವೆಂದಲ್ಲ. ಅಭ್ಯಾಸವಿಲ್ಲದವನು ನೀರನ್ನು ಮಲದ ಕೋಣೆಗೆ ಸುರಿದರೆ ಕ್ರಮವೆಲ್ಲ ಕೆಡುತ್ತದೆ. ಮುಟ್ಟಿನ ಬಟ್ಟೆಗಳಿಗೆ ಪ್ರತ್ಯೇಕ ಡಬ್ಬಿ ಇಡದಿದ್ದರೆ ಅವು ಕೋಣೆಯನ್ನು ಸೇರುತ್ತವೆ. ಹೊಟ್ಟು ಸುಣ್ಣಗಳನ್ನು ತುಂಬಿಡಲು, ಪೀಪಾಯಿ ಬದಲಿಸಲು, ನೆಲ ಗುಡಿಸಲು, ಬಂದವರಿಗೆ ತಿಳಿಸಿ ಹೇಳಲು ಸಂಬಳದ ಒಬ್ಬ ಮೇಲ್ವಿಚಾರಕ ಬೇಕೇ ಬೇಕು. ಆ ಸಂಬಳವು ಹೊರೆಯೆನ್ನುವವರು, ಅದನ್ನು ಉಳಿಸಿದರೆ ಹೊರೆ ಯಾರ ತಲೆಗೆ ಏರುತ್ತದೆಂಬುದನ್ನೂ ಹೇಳಬೇಕು. ಇಲ್ಲಿ ಆತನು ಹಸಿ ಮಲವನ್ನು ಮುಟ್ಟಬೇಕಾಗಿಲ್ಲ, ಗುಂಡಿಗೆ ಇಳಿಯಬೇಕಾಗಿಲ್ಲ. ಎಂದೇ ಅದು ಯಾವ ಜಾತಿಯವರಾದರೂ ತಲೆಯೆತ್ತಿ ಮಾಡಬಹುದಾದ ಉದ್ಯೋಗ.

ಮೋಟಾರು ಲಾರಿಯಿಂದ ಹೀರಿಸಿ ಸಾಗಿಸಿದರಾಗದೇ ಎಂದು ಕೆಲವರು ಕೇಳಬಹುದು. ಆಗುತ್ತದೆ, ಲಾರಿಯು ಹೋಗಿ ಸುರಿಯುವ ಸ್ಥಳವೊಂದಿದ್ದರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಮಲಕೆಸರನ್ನು ಸಂಸ್ಕರಿಸುವ ಘಟಕವನ್ನು ಕಟ್ಟಿದರು. ಈ ಬಗೆಯಲ್ಲಿ ಅದು ದೇಶಕ್ಕೇ ಮಾರ್ಗದರ್ಶಕವಾಯಿತು. ತಾಲ್ಲೂಕು ಪಟ್ಟಣಗಳಿಗೆ ಅಂಥ ಘಟಕಗಳು ಅವಶ್ಯವಾಗಿ ಬೇಕು. ಮೂರು ನಾಲ್ಕು ದಿನಗಳ ಜಾತ್ರೆಗೂ ಹೀರುವ ಲಾರಿಯೇ ಸೂಕ್ತ; ಒಮ್ಮೆಗೆ ಬರುವ ಸಾವಿರಾರು ಮಂದಿಯ ಭಾರವನ್ನು ಮೂರು ಕೋಣೆಗಳು ತಾಳಲಾರವು. ಆದರೆ ಸಂಸ್ಕರಣ ಘಟಕವಿಲ್ಲದ ಕಡೆ ಲಾರಿಯು ಹಳ್ಳಕ್ಕೋ ಹೊಲಕ್ಕೋ ಸುರಿದು ಬರುತ್ತದೆ. ಮಳೆಗಾಲದಲ್ಲಿ ಎರೆಯ ಕೆಸರುದಾರಿಯಲ್ಲಿ ಅದು ಬರುವುದೂ ಇಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟೆ. ಸಾರ್ವಜನಿಕ ಶೌಚಾಲಯಕ್ಕೆ ಮಂಜೂರಾತಿ ಕೊಡುವ ಮುನ್ನ ಪಂಚಾಯಿತಿಯು ನಕ್ಷೆಯ ಮೇಲೆಯೇ ಐದು ಸಂಗತಿಗಳನ್ನು ಬರೆಯಬೇಕು: ಮಣ್ಣು ಒದ್ದೆಯಾದಾಗ ಎಷ್ಟು ನೀರು ಇಂಗುತ್ತದೆ, ಗುಂಡಿ ಅಥವಾ ಕೋಣೆ ಎಷ್ಟು ದಿನಕ್ಕೆ ತುಂಬುತ್ತದೆ, ತುಂಬಿದ್ದು ಎಷ್ಟು ತಿಂಗಳು ಮುಚ್ಚಿರುತ್ತದೆ, ಅದನ್ನು ತೆರೆಯುವವರು ಯಾರು, ಅವರ ಸಂಬಳವೆಷ್ಟು. ಇವುಗಳಲ್ಲಿ ಒಂದು ಖಾಲಿ ಬಿದ್ದಿದ್ದರೂ ಇಟ್ಟಿಗೆಯನ್ನು ಇಳಿಸಬಾರದು.

ಮೊದಲನೆಯ ಸಂಗತಿಯನ್ನು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡಬಹುದು. ಅಧ್ಯಾಪಕರೊಡನೆ ಹೋಗಿ, ಒಂದು ಗೇಣು ಅಗಲ ಎರಡು ಗೇಣು ಆಳದ ಕುಳಿಯನ್ನು ತೋಡಿ, ಹಿಂದಿನ ದಿನವೆಲ್ಲ ನೀರು ಹೊಯ್ದು ಮಣ್ಣನ್ನು ಚೆನ್ನಾಗಿ ನೆನೆಸಿರಿ. ಮರುದಿನ ಮತ್ತೆ ನೀರು ತುಂಬಿ, ಅರ್ಧ ಗಂಟೆಗೊಮ್ಮೆ ಅದು ಎಷ್ಟು ಇಳಿದಿದೆಯೆಂದು ಅಳತೆಪಟ್ಟಿಯಿಂದ ಅಳೆದು ಬರೆದಿಡಿರಿ. ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಕಾಲುವೆ ತುಂಬಿ ಹರಿಯುವ ಅಕ್ಟೋಬರ್‌ನಲ್ಲಿ ಇದನ್ನು ಮಾಡಿ ಎರಡು ಪಟ್ಟಿಗಳನ್ನೂ ಪಂಚಾಯಿತಿಗೆ ಒಪ್ಪಿಸಿರಿ. ಎಷ್ಟು ಗುಂಡಿ, ಯಾವ ಬಗೆಯ ಗುಂಡಿ ಎಂಬ ಚರ್ಚೆಯು ಆ ಅಂಕಗಳಿಂದ ಮೊದಲಾಗಲಿ.